ಬಿಸಿಯೂಟ ಎಲ್ಲಾ ಮಕ್ಕಳಿಗೂ ಬೇಕಾ? ನಮ್ಮ ಶಾಲೆಯ ಸಭೆಯಲ್ಲಿ ಎದ್ದ ಮಾತು

ಸಿದ್ದಾಪುರದ ಅಮ್ಮ · ಭಾನುವಾರ ರಾತ್ರಿ 9.20

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಸಿದ್ದಾಪುರದ ಕಡೆಯವಳು, ನಮ್ಮೂರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ಒಂದರಿಂದ ಐದನೇ ತರಗತಿವರೆಗೆ ಎಲ್ಲಾ ಸೇರಿ 14 ಮಕ್ಕಳು. ಹತ್ತು ಮಕ್ಕಳು ತೋಟದ ಲೈನ್ ಮನೆಗಳಿಂದ, ಅಂದರೆ ಕೂಲಿಯವರ ಸಾಲು ಮನೆಗಳಿಂದ ಬರುವವರು, ಅದರಲ್ಲಿ ಮೂವರು ಅಸ್ಸಾಂನವರ ಮಕ್ಕಳು. ಉಳಿದ ನಾಲ್ವರಲ್ಲಿ ಒಬ್ಬಳು ನನ್ನ ಮಗಳು, ಒಬ್ಬ ತೋಟದ ಲೆಕ್ಕ ಬರೆಯುವ ರೈಟರ್ ಮಗ, ಇನ್ನಿಬ್ಬರು ಅಂಗಡಿಯವರ ಮಕ್ಕಳು.

ಶನಿವಾರ ಸಭೆ ಇತ್ತು. ಮಳೆಗೆ ಅಡುಗೆಕೋಣೆ ಸೋರುವ ವಿಷಯ ಮುಗಿಸಿ ಏಳಬೇಕು ಅನ್ನುವಾಗ ಒಬ್ಬರು, "ಅನುಕೂಲ ಇರುವವರ ಮಕ್ಕಳಿಗೆ ಬಿಸಿಯೂಟ ಯಾಕೆ? ಅವರು ಮನೆಯಿಂದ ಡಬ್ಬಿ ತರಲಿ, ಉಳಿದದ್ದನ್ನು ಇಲ್ಲದವರ ತಟ್ಟೆಗೆ ಹೆಚ್ಚಿಗೆ ಹಾಕಿ" ಅಂದರು. ಹೇಳಿದವರು ಒಳ್ಳೆಯವರೇ. ಶಾಲೆಗೆ ನೀರಿನ ಟ್ಯಾಂಕ್ ಕೊಡಿಸಿದ್ದೂ ಅವರೇ. ಇಬ್ಬರು ತಲೆಯಾಡಿಸಿದರು. ನನಗೆ ಒಪ್ಪಿಗೆ ಇರಲಿಲ್ಲ, ಆದರೆ ಯಾಕೆ ಅಂತ ಆಗ ಬಾಯಿಗೆ ಬರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಹೋದ ವರ್ಷದ ಒಂದು ವಾರ ನೆನಪಾಯಿತು. ಮಗಳಿಗೆ ಹೊಟ್ಟೆ ಸರಿ ಇರಲಿಲ್ಲ ಅಂತ ಡಬ್ಬಿ ಕೊಟ್ಟು ಕಳಿಸಿದ್ದೆ. ಮೊದಲ ದಿನ ಅಕ್ಕಿ ರೊಟ್ಟಿ, ಕಾಯಿ ಚಟ್ನಿ. ಮೂರನೇ ದಿನಕ್ಕೆ ಡಬ್ಬಿ ಹಾಗೇ ತುಂಬಿಕೊಂಡು ವಾಪಸ್ ಬಂತು. ಕೇಳಿದರೆ, "ಡಬ್ಬಿ ತಂದವರು ಆ ಕಡೆ ಕೂತ್ಕೋಬೇಕಮ್ಮ" ಅಂದಳು. ಯಾರು ಹೇಳಿದ್ದು ಅಂತ ಟೀಚರಮ್ಮನನ್ನು ವಿಚಾರಿಸಿದೆ. ಯಾರೂ ಹೇಳಿರಲಿಲ್ಲ. ತಟ್ಟೆ ಹಿಡಿದವರ ಸಾಲಿನಲ್ಲಿ ಡಬ್ಬಿ ಹಿಡಿದು ಕೂರಲು ಅವಳಿಗೇ ಆಗಿರಲಿಲ್ಲ. ಬಾಗಿಲ ಹತ್ತಿರ ಒಬ್ಬಳೇ ಕೂತಿದ್ದಾಳೆ. ಒಳ್ಳೆಯ ತಿಂಡಿ ಕೈಯಲ್ಲಿದ್ದ ಮಗುವಿಗೇ ಹೀಗಾದರೆ, ಇಲ್ಲದವರು ಅಂತ ಬೇರೆ ಸಾಲಿನಲ್ಲಿ ಕೂರಿಸಿದ ಮಗುವಿನ ಹೊಟ್ಟೆಗೆ ಅನ್ನ ಇಳಿಯುತ್ತಾ?

ಮುಂದಿನ ಸಭೆಯಲ್ಲಿ ಮಾತಾಡಬೇಕು. ನಿಮ್ಮ ಶಾಲೆಗಳಲ್ಲಿ ಹೇಗಿದೆ, ನಿಮಗೇನನ್ನಿಸುತ್ತೆ, ಬಿಚ್ಚಿ ಹೇಳಿ.

ಕಾಳುಮೆಣಸು · ಭಾನುವಾರ ರಾತ್ರಿ 10.05

ಮೇಡಂ, ಸಭೆಯಲ್ಲಿ ಹಾಗೆ ಹೇಳಿದವರ ಪರವಾಗಿ ನಾನು ಮಾತಾಡುತ್ತೇನೆ. ಪೊನ್ನಂಪೇಟೆ ಕಡೆಯ ಸಣ್ಣ ಬೆಳೆಗಾರ, ಒಂಬತ್ತು ಎಕರೆ. ನಾನೂ ಸರ್ಕಾರಿ ಶಾಲೆಯಲ್ಲೇ ಓದಿದವನು. ಬಡ ಮಕ್ಕಳ ಊಟಕ್ಕೆ ನನ್ನ ವಿರೋಧ ಒಂದು ಅಗುಳಷ್ಟೂ ಇಲ್ಲ. ಆದರೆ ತೆರಿಗೆ ಹಣಕ್ಕೆ ಒಂದು ಮಿತಿ ಇದೆ. ಸಾರು ನೀರಾಗಿದೆ, ತರಕಾರಿ ಕಾಣುತ್ತಿಲ್ಲ ಅಂತ ಎಲ್ಲಾ ಕಡೆ ದೂರು. ಶಕ್ತಿ ಇರುವವರು ಬಿಟ್ಟುಕೊಟ್ಟರೆ ಆ ಸಾರು ಗಟ್ಟಿಯಾಗುತ್ತದೆ ಅನ್ನುವುದು ಸರಳ ಲೆಕ್ಕ. ಗ್ಯಾಸ್ ಸಬ್ಸಿಡಿ ಬಿಟ್ಟುಕೊಟ್ಟವರು ಇಲ್ಲವೇ? ಮಕ್ಕಳಿಗೆ ನಾಚಿಕೆ ಆಗುತ್ತದೆ ಅನ್ನುವುದು ನಿಜ. ಅದನ್ನು ತಪ್ಪಿಸುವ ದಾರಿ ಹುಡುಕಬೇಕು. ಅದಕ್ಕಾಗಿ ಎಲ್ಲರಿಗೂ ಪುಕ್ಕಟೆ ಅನ್ನುವುದು ಸರಿಯೇ?

ನಾಪೋಕ್ಲು ಮೇಷ್ಟ್ರು · ಸೋಮವಾರ ಬೆಳಿಗ್ಗೆ 6.40

ನಾನು 34 ವರ್ಷ ಪ್ರಾಥಮಿಕ ಶಾಲೆಯಲ್ಲಿದ್ದವನು, ಈಗ ನಿವೃತ್ತ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಬಿಸಿಯೂಟ ಬರುವ ಮುಂಚೆ ಏನಿತ್ತು ಅನ್ನುವುದು ಈಗಿನ ತಂದೆತಾಯಿಗೆ ಗೊತ್ತಿಲ್ಲ. 1995ರ ಆಗಸ್ಟ್ 15ರಂದು ಕೇಂದ್ರದ ಯೋಜನೆ ಶುರುವಾದಾಗ ಅನ್ನ ಕೊಡುತ್ತಿರಲಿಲ್ಲ, ಅಕ್ಕಿ ಕೊಡುತ್ತಿದ್ದೆವು. ಶೇಕಡಾ 80 ಹಾಜರಾತಿ ಇದ್ದ ಮಗುವಿಗೆ ತಿಂಗಳಿಗೆ ಮೂರು ಕೆ.ಜಿ. ತಿಂಗಳ ಕೊನೆಗೆ ಅಪ್ಪಂದಿರು ಚೀಲ ಹಿಡಿದು ಬರುವರು. ಅಕ್ಕಿ ಮನೆಯ ಮಡಕೆಗೆ ಸೇರುವುದು, ಮಗು ಮಧ್ಯಾಹ್ನ ಬರೀ ಹೊಟ್ಟೆಯಲ್ಲಿ ಬೆಂಚಿಗೆ ತಲೆಯಿಟ್ಟು ಮಲಗುವುದು. ಎರಡು ಗಂಟೆಗೆ ಗಣಿತ ಹೇಳಿಕೊಡುವುದನ್ನೇ ನಾನು ಬಿಟ್ಟಿದ್ದೆ. 2001ರ ನವೆಂಬರ್ 28ಕ್ಕೆ ಸುಪ್ರೀಂ ಕೋರ್ಟ್, ಕಾಳು ಕೊಟ್ಟರೆ ಸಾಲದು, ಶಾಲೆಯಲ್ಲೇ ಬೇಯಿಸಿದ ಊಟ ಕೊಡಿ ಅಂತ ಆದೇಶ ಮಾಡಿತು. ನಮ್ಮ ರಾಜ್ಯದಲ್ಲಿ 2002ರ ಜೂನ್‌ನಲ್ಲಿ ಬೀದರ್, ರಾಯಚೂರು ಕಡೆಯ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಅನ್ನುವ ಬಿಸಿಯೂಟ ಯೋಜನೆ ಶುರುವಾಯಿತು. ಮರುವರ್ಷ ನಮ್ಮ ಕಡೆಗೂ ಬಂತು. ಆಮೇಲೆ ಎರಡು ಗಂಟೆಗೆ ಗಣಿತ ಮತ್ತೆ ಶುರು ಮಾಡಿದೆ.

ಕಾಳುಮೆಣಸು ಅವರು 'ಸರಳ ಲೆಕ್ಕ' ಅಂದರು. ಸಿದ್ದಾಪುರದ ಆ ಶಾಲೆಯ ಲೆಕ್ಕವನ್ನೇ ಹಾಕೋಣ. 2025ರ ಮೇ ತಿಂಗಳಿಂದ ಒಂದು ಪ್ರಾಥಮಿಕ ಮಗುವಿಗೆ ದಿನಕ್ಕೆ ಬೇಳೆ, ತರಕಾರಿ, ಎಣ್ಣೆ, ಸಂಬಾರ ಪದಾರ್ಥ, ಗ್ಯಾಸ್ ಎಲ್ಲಾ ಸೇರಿ ಕೇಂದ್ರ ಗೊತ್ತು ಮಾಡಿದ ದರ 6 ರೂಪಾಯಿ 78 ಪೈಸೆ. ಅಕ್ಕಿ ಬೇರೆ, ಮಗುವಿಗೆ 100 ಗ್ರಾಂ. 14 ಮಕ್ಕಳಿಗೆ 94 ರೂಪಾಯಿ 92 ಪೈಸೆ. ನಾಲ್ಕು ಮಕ್ಕಳನ್ನು ಬಿಟ್ಟರೆ ಉಳಿಯುವುದು 27 ರೂಪಾಯಿ 12 ಪೈಸೆ. ಅದೂ ಉಳಿದವರ ಸಾರಿಗೆ ಬರುವುದಿಲ್ಲ. ತಲೆಲೆಕ್ಕದ ದುಡ್ಡು, ಊಟ ಮಾಡಿದ ತಲೆಗಷ್ಟೇ ಬರುತ್ತದೆ. ಅಂದರೆ 94 ರೂಪಾಯಿಯ ಸಾರು 67 ರೂಪಾಯಿಯ ಸಾರಾಗುತ್ತದೆ. ಅಡುಗೆಯವರು ಅದೇ ಒಬ್ಬರು, 25 ಮಕ್ಕಳವರೆಗೆ ಒಬ್ಬರೇ ಅನ್ನುವುದು ನಿಯಮ. ಒಗ್ಗರಣೆಗೆ ಎಣ್ಣೆ ಕಾಯಿಸುವ ಗ್ಯಾಸ್ ಹತ್ತು ಮಕ್ಕಳಿಗೂ ಅಷ್ಟೇ, ಹದಿನಾಲ್ಕಕ್ಕೂ ಅಷ್ಟೇ. ಕೊಡಗಿನ ಸಣ್ಣ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾದಷ್ಟೂ ಸಾರು ತೆಳ್ಳಗಾಗುತ್ತದೆ.

ಇನ್ನೊಂದು. ಹಿಂದೆ ಉಚಿತ ಸವಲತ್ತಿನ ಪಟ್ಟಿಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ ಹೇಳುವ ಪದ್ಧತಿ ಇತ್ತು. ನಾನೂ ಓದಿದ್ದೇನೆ. ಹೆಸರು ಕರೆದಾಗ ಒಬ್ಬ ಹುಡುಗ, ಯರವ ಬುಡಕಟ್ಟಿನವರ ಹಾಡಿಯವನು (ಹಾಡಿ ಅಂದರೆ ಅವರ ಕೇರಿ), ಎದ್ದು ನಿಲ್ಲಲಿಲ್ಲ. ಎರಡನೇ ಸಲ ಕರೆದೆ. ಪಕ್ಕದವನು ಮೊಣಕೈಯಿಂದ ತಿವಿದ. ಎದ್ದವನು ನನ್ನ ಮೇಜಿನ ಹತ್ತಿರ ಬರುವ ಬದಲು ಬಾಗಿಲಿನಿಂದ ಆಚೆ ಹೋದ. ಎಂಟು ದಿನ ಶಾಲೆಗೆ ಬರಲಿಲ್ಲ. ಅವನು ಕೂತಿದ್ದ ಬೆಂಚು ಯಾವುದು ಅಂತ ಈಗಲೂ ತೋರಿಸಬಲ್ಲೆ. ಊಟಕ್ಕೂ ಅಂಥ ಪಟ್ಟಿ ಮಾಡಿಸಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಬಾಳೆಲೆ · ಸೋಮವಾರ ಬೆಳಿಗ್ಗೆ 8.15

ಮೇಷ್ಟ್ರೇ, ನಿಮ್ಮ ಲೆಕ್ಕ ನೋಡಿ ನನ್ನ ಮಗನ ಶಾಲೆಯಲ್ಲಿ ವಿಚಾರಿಸಿದೆ. ಅಲ್ಲಿ 11 ಮಕ್ಕಳು. ಈ ವಾರದಿಂದ ನಮ್ಮನೆ ಹಿತ್ತಲಿನ ಸೊಪ್ಪು, ಕೆಸ, ಬಾಳೆದಿಂಡು ಕಳಿಸ್ತೀನಿ ಅಂತ ಹೇಳಿ ಬಂದೆ.

ಕುಶಾಲನಗರ ಆಟೋ · ಸೋಮವಾರ ಮಧ್ಯಾಹ್ನ 1.50

ನಾನು ಆಟೋ ಓಡಿಸೋನು ಸಾರ್. ಇಲ್ಲಿ ಎಲ್ಲಾ ಮಕ್ಕಳು ಎಲ್ಲಾ ಮಕ್ಕಳು ಅಂತ ಬರೀತಾ ಇದ್ದೀರಿ, ನನ್ನ ಎರಡು ಮಕ್ಕಳು ಈ ಎಲ್ಲಾದ್ರಲ್ಲಿ ಬರಲ್ಲ. ಪ್ರೈವೇಟ್ ಶಾಲೆಗೆ ಹಾಕಿದ್ದೀನಿ. ಸಂಘದಲ್ಲಿ ಸಾಲ ತೆಗೆದು ಫೀಸು ಕಟ್ತೀನಿ. ಹೆಂಡತಿ ಐದು ಗಂಟೆಗೆ ಎದ್ದು ಚಿತ್ರಾನ್ನ ಮಾಡಿ ಡಬ್ಬಿ ಕಟ್ಟಿ ಗಾರ್ಮೆಂಟ್ಸ್ ಬಸ್ಸು ಹಿಡೀತಾಳೆ. ವಾರದಲ್ಲಿ ಮೂರು ದಿನ ಚಿತ್ರಾನ್ನನೇ. ಮೊಟ್ಟೆ ತಿಂಗಳಿಗೆ ನಾಕು ಸಲ ಆದ್ರೆ ಹೆಚ್ಚು. ಎದುರು ರಸ್ತೆ ಸರ್ಕಾರಿ ಶಾಲೇಲಿ ವಾರಕ್ಕೆ ಆರು ಮೊಟ್ಟೆ. ನನ್ನ ರೇಷನ್ ಕಾರ್ಡೂ ಬಿಪಿಎಲ್ಲೇ. ನನ್ನ ಮಕ್ಕಳು ಮಾಡಿದ ತಪ್ಪೇನು?

ಹೇರೂರು · ಸೋಮವಾರ ಮಧ್ಯಾಹ್ನ 2.30

ಅಣ್ಣ, ಬೇಜಾರು ಮಾಡ್ಕೋಬೇಡಿ. ಫೀಸು ಕಟ್ಟೋ ಬದಲು ಎದುರು ರಸ್ತೆ ಶಾಲೆಗೇ ಹಾಕಿದ್ರೆ ಊಟನೂ ಸಿಗುತ್ತೆ, ಶಾಲೆನೂ ಉಳಿಯುತ್ತೆ. ಮಕ್ಕಳಿಲ್ಲ ಅಂತ ನಮ್ಮ ಜಿಲ್ಲೇಲಿ ಎಷ್ಟು ಶಾಲೆ ಬಾಗಿಲು ಹಾಕಿದ್ದಾರೆ, ಕಣ್ಣಲ್ಲೇ ನೋಡಿದ್ದೀವಿ.

ಕುಶಾಲನಗರ ಆಟೋ · ಸೋಮವಾರ ರಾತ್ರಿ 8.45

ಗೊತ್ತು. ದೊಡ್ಡವನನ್ನ ಮೂರನೇ ಕ್ಲಾಸ್ ತನಕ ಅಲ್ಲೇ ಓದಿಸಿದ್ದೆ. ಒಂದರಿಂದ ಐದಕ್ಕೆ ಸೇರಿ ಒಬ್ಬರೇ ಟೀಚರ್ ಇದ್ರು, ಅವರೂ ಮೀಟಿಂಗು ಅಂತ ವಾರಕ್ಕೆರಡು ದಿನ ಹೋಗೋರು. ಊಟ ಚೆನ್ನಾಗಿತ್ತು, ಅದನ್ನ ನಾನು ಸುಳ್ಳು ಹೇಳಲ್ಲ. ಪಾಠ ಇರಲಿಲ್ಲ. ಪಾಠ ಬೇಕು ಅಂದ್ರೆ ಊಟ ಬಿಡು, ಊಟ ಬೇಕು ಅಂದ್ರೆ ಪಾಠ ಬಿಡು ಅಂದ್ರೆ ನಮ್ಮಂಥವರು ಏನು ಮಾಡ್ಬೇಕು ಹೇಳಿ.

ನಾಪೋಕ್ಲು ಮೇಷ್ಟ್ರು · ಸೋಮವಾರ ರಾತ್ರಿ 9.10

ನೀವು ಹೇಳಿದ್ದು ನನ್ನ ಎದೆಗೇ ನಾಟಿತು. 2013ರ ಆಹಾರ ಭದ್ರತಾ ಕಾಯ್ದೆಯ 5ನೇ ಕಲಂ ಸರ್ಕಾರಿ, ಸ್ಥಳೀಯ ಸಂಸ್ಥೆಗಳ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿವರೆಗಿನ ಮಕ್ಕಳಿಗೆ ಮಾತ್ರ ಹಕ್ಕು ಕೊಡುತ್ತದೆ. ಒಂಬತ್ತು, ಹತ್ತನೇ ತರಗತಿಗೆ ನಮ್ಮ ರಾಜ್ಯ 2007ರಿಂದ ತಾನೇ ಮುಂದೆ ಬಂದು ಕೊಡುತ್ತಿದೆ. ಅನುದಾನರಹಿತ ಶಾಲೆಯ ಮಗು ಎಷ್ಟೇ ಬಡವನಾದರೂ ಹೊರಗೆ. ಅವರ ಹೊಟ್ಟೆಗೂ ಒಂದು ದಾರಿ ಬೇಕು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಆ ದಾರಿ ಖಾಸಗಿ ಶಾಲೆಗಳ ಕೈಗೆ ಅಕ್ಕಿ ಕೊಡುವುದೋ, ಸರ್ಕಾರಿ ಶಾಲೆಗೆ ಇನ್ನೊಬ್ಬ ಟೀಚರ್ ಕೊಡುವುದೋ ಅಂದರೆ ನಾನು ಟೀಚರ್ ಕೊಡಿ ಅನ್ನುವವನು.

ಕುಶಾಲನಗರ ಆಟೋ · ಸೋಮವಾರ ರಾತ್ರಿ 9.15

ಟೀಚರ್ ಕೊಟ್ರೆ ನಾಳೇನೇ ವಾಪಸ್ ಸೇರಿಸ್ತೀನಿ ಮೇಷ್ಟ್ರೇ.

ವಿರಾಜಪೇಟೆ ನರ್ಸ್ · ಮಂಗಳವಾರ ನಸುಕಿನ 3.30

ಇಲ್ಲಿ ಇಂಗ್ಲೆಂಡಿನಲ್ಲಿ ಈಗ ರಾತ್ರಿ, ಡ್ಯೂಟಿ ಮುಗಿಸಿ ಓದ್ತಾ ಇದ್ದೀನಿ. ನೀವು ಮಾತಾಡ್ತಿರೋ ವಿಷಯವೇ ಇಲ್ಲೂ ವರ್ಷಗಟ್ಟಲೆ ನಡೀತಾ ಇದೆ. 2014ರ ಸೆಪ್ಟೆಂಬರ್‌ನಿಂದ ಶಾಲೆಯ ಮೊದಲ ಮೂರು ವರ್ಷದ ಮಕ್ಕಳಿಗೆಲ್ಲ ಮಧ್ಯಾಹ್ನದ ಊಟ ಉಚಿತ, ಡಾಕ್ಟರ್ ಮಗ ಆದ್ರೂ ಸರಿ, ಕಸ ಗುಡಿಸೋರ ಮಗ ಆದ್ರೂ ಸರಿ. ಅದು ದಾಟಿದ ಕೂಡಲೇ ಅಪ್ಪ ಅಮ್ಮನ ಆದಾಯ ಕೇಳ್ತಾರೆ. 2018ರಲ್ಲಿ ಗೆರೆ ಎಳೆದಿದ್ದು ವರ್ಷಕ್ಕೆ 7,400 ಪೌಂಡ್ ದುಡಿಮೆಗೆ. ಅದಕ್ಕಿಂತ ಸ್ವಲ್ಪ ಹೆಚ್ಚಾದ್ರೂ ಊಟ ಇರಲಿಲ್ಲ.

ನನ್ನ ಜೊತೆ ವಾರ್ಡಿನಲ್ಲಿ ಕ್ಲೀನಿಂಗ್ ಮಾಡೋ ಒಬ್ಬಾಕೆ ಇದ್ರು. ಇಬ್ಬರು ಮಕ್ಕಳು. ವಾರಕ್ಕೆ ಇನ್ನೊಂದು ಶಿಫ್ಟ್ ಕೊಡ್ತೀವಿ ಅಂದಾಗ ಆಕೆ ಖುಷಿ ಪಡೋ ಬದಲು ಕಾಗದ ಪೆನ್ನು ತಗೊಂಡು ಕೂತ್ರು. ಶಿಫ್ಟಿನಿಂದ ಬರೋದು ಎಷ್ಟು, ಇಬ್ಬರ ಊಟ ಹೋದ್ರೆ ಹೋಗೋದು ಎಷ್ಟು ಅಂತ. ಶಿಫ್ಟ್ ಬೇಡ ಅಂದ್ರು. ಗೆರೆ ಎಳೆದ್ರೆ ಹೀಗೇ ಆಗೋದು, ಕಾಳುಮೆಣಸು ಅಣ್ಣ. ಗೆರೆಯ ಈಚೆ ಒಂದು ರೂಪಾಯಿ ಹೆಚ್ಚು ದುಡಿದವರು ದಂಡ ತೆತ್ತ ಹಾಗೆ. ಲಂಡನ್ನಿನಲ್ಲಿ 2023ರಿಂದ ಸರ್ಕಾರಿ ಪ್ರಾಥಮಿಕ ಶಾಲೆಯ ಎಲ್ಲಾ ಮಕ್ಕಳಿಗೂ ಕೊಡ್ತಾ ಇದ್ದಾರೆ. ಫಿನ್ಲೆಂಡಿನವರಂತೂ 1943ರಲ್ಲೇ, ಯುದ್ಧದ ನಡುವೆ ಕಾನೂನು ಮಾಡಿ 1948ರಿಂದ ಎಲ್ಲರಿಗೂ ಶುರು ಮಾಡಿದ್ರು.

ಫಲ ಏನು ಅಂತ ಕೇಳೋರಿಗೆ ನಮ್ಮ ದೇಶದ್ದೇ ಒಂದು ಅಧ್ಯಯನ ಇದೆ. 2021ರಲ್ಲಿ ನೇಚರ್ ಕಮ್ಯುನಿಕೇಶನ್ಸ್ ಪತ್ರಿಕೆಯಲ್ಲಿ ಬಂತು. ಶಾಲೆಯಲ್ಲಿ ಬಿಸಿಯೂಟ ಉಂಡು ಬೆಳೆದ ಹೆಣ್ಣುಮಕ್ಕಳು ಮುಂದೆ ತಾಯಂದಿರಾದಾಗ ಅವರ ಮಕ್ಕಳ ಎತ್ತರ ಉಳಿದವರ ಮಕ್ಕಳಿಗಿಂತ ಚೆನ್ನಾಗಿದೆ ಅಂತ ಅದರಲ್ಲಿ ಕಂಡುಕೊಂಡಿದ್ದಾರೆ. ಇವತ್ತು ಸಿದ್ದಾಪುರದ ಶಾಲೆಯಲ್ಲಿ ತಟ್ಟೆ ಹಿಡಿದು ಕೂತ ಹುಡುಗಿಯ ಊಟ ಇನ್ನೂ ಹುಟ್ಟದ ಮಗುವಿಗೂ ಹೋಗ್ತಾ ಇದೆ.

ಅಡುಗೆಯವರ ಮಗಳು · ಮಂಗಳವಾರ ಸಂಜೆ 5.20

ನಮ್ಮಮ್ಮ ಶನಿವಾರಸಂತೆ ಕಡೆ ಒಂದು ಶಾಲೆಯಲ್ಲಿ ಅಡುಗೆ ಮಾಡ್ತಾರೆ. ಇದನ್ನೆಲ್ಲ ಅವರಿಗೆ ಓದಿ ಹೇಳಿದೆ. ಅವರು ಹೇಳಿದ್ದನ್ನ ಬರೀತಾ ಇದ್ದೀನಿ.

ಅಮ್ಮ ಎಂಟೂವರೆಗೆ ಶಾಲೆ ಮುಟ್ತಾರೆ. ಮೊದಲ ಕೆಲಸ ಹಾಲು. ಪುಡಿಯನ್ನ ನೇರ ಬಿಸಿನೀರಿಗೆ ಸುರಿದ್ರೆ ಗಂಟು ಕಟ್ಟುತ್ತೆ, ಅದಕ್ಕೆ ಮೊದಲು ಉಗುರು ಬೆಚ್ಚಗಿನ ನೀರಲ್ಲಿ ಕಲೆಸಿ ಆಮೇಲೆ ಪಾತ್ರೆಗೆ ಬಿಡ್ತಾರೆ. ಕೆಲವು ದಿನ ರಾಗಿ ಮಾಲ್ಟ್. ಆಮೇಲೆ ಅಕ್ಕಿ. ಮಳೆಗಾಲದಲ್ಲಿ ಅಕ್ಕಿ ಮೂಟೆಯನ್ನ ಹಲಗೆ ಮೇಲೆ ಇಟ್ರೂ ತಂಡಿ ಹಿಡಿಯುತ್ತೆ, ಹುಳ ಬೀಳುತ್ತೆ. ಮೊರಕ್ಕೆ ಹಾಕಿ ಕೇರಿ, ಕಿಟಕಿ ಬೆಳಕಿಗೆ ಹಿಡಿದು, ಒಂದೊಂದು ಹಿಡಿ ನೋಡ್ತಾರೆ. ಮೂರು ನೀರು ತೊಳೆದ್ರೂ ಮೇಲೆ ತೇಲಿದ್ದನ್ನ ಬೆರಳಲ್ಲಿ ತೆಗೀತಾರೆ. ಮೊಟ್ಟೆ ಬೇಯಿಸಿ ಸುಲಿದು ಎಣಿಸಿ ಇಡಬೇಕು. ಬೆಂದ ಅನ್ನವನ್ನ ಮಕ್ಕಳಿಗೆ ಬಡಿಸೋ ಮುಂಚೆ ಅಮ್ಮನೂ ಟೀಚರೂ ರುಚಿ ನೋಡಬೇಕು. 2013ರಲ್ಲಿ ಬಿಹಾರದ ಸಾರಣ ಜಿಲ್ಲೆಯಲ್ಲಿ ಕೀಟನಾಶಕ ಸೇರಿದ ಊಟದಿಂದ 23 ಮಕ್ಕಳು ತೀರಿಹೋದ್ರಲ್ಲ, ಆ ಸುದ್ದಿ ಕೇಳಿದ ದಿನದಿಂದ ಅಮ್ಮ ತೋಟದ ಮನೆಗಳಿಂದ ಯಾರು ಯಾವ ಕ್ಯಾನಿನಲ್ಲಿ ಎಣ್ಣೆ, ಮಜ್ಜಿಗೆ ತಂದುಕೊಟ್ರೂ ಒಳಗೆ ಬಿಡಲ್ಲ. ಪ್ರೀತಿಯಿಂದ ತಂದವರು ಮುನಿಸಿಕೊಂಡಿದ್ದೂ ಇದೆ.

ಯಾರಿಗೆ ಕೊಡಬೇಕು ಯಾರಿಗೆ ಬೇಡ ಅನ್ನೋದಕ್ಕೆ ಅಮ್ಮ ಹೇಳಿದ್ದು: "ಸೌಟು ಹಿಡಿದು ನಿಂತವಳು ನಾನು. ಈ ಮಗೂಗೆ ಹಾಕು, ಆ ಮಗೂಗೆ ಬೇಡ ಅಂದ್ರೆ ನನ್ನ ಕೈ ಬರಲ್ಲ. ಹಾಗಾದ ದಿನ ನಾನು ಕೆಲಸ ಬಿಡ್ತೀನಿ."

ಇದು ನನ್ನ ಮಾತು: ಅಡುಗೆಯವರ ಗೌರವಧನಕ್ಕೆ ಕೇಂದ್ರ ಕೊಡೋ ಪಾಲು ತಿಂಗಳಿಗೆ 600 ರೂಪಾಯಿ. ಅದೂ ವರ್ಷಕ್ಕೆ ಹತ್ತು ತಿಂಗಳು ಮಾತ್ರ. ಉಳಿದದ್ದನ್ನ ರಾಜ್ಯ ಹಾಕ್ತಾ ಇದೆ. ನಮ್ಮಮ್ಮನಿಗೆ ಏಪ್ರಿಲ್, ಮೇ ತಿಂಗಳು ಹೇಗೆ ಕಳೆಯುತ್ತೆ ಅಂತ ಈ ಚರ್ಚೆಯಲ್ಲಿ ಇನ್ನೂ ಯಾರೂ ಕೇಳಿಲ್ಲ.

ಸಿದ್ದಾಪುರದ ಅಮ್ಮ · ಮಂಗಳವಾರ ಸಂಜೆ 6.00

ತಂಗೀ, ನಾನೂ ಕೇಳಬೇಕಿತ್ತು. ಕೇಳಲಿಲ್ಲ. ನಮ್ಮ ಶಾಲೆಯ ಅಡುಗೆಯಕ್ಕನ ಹತ್ತಿರ ನಾಳೆ ಹೋಗಿ ಕೂತು ಮಾತಾಡ್ತೀನಿ. ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಮಡಿಕೇರಿ ಮಂಜು · ಮಂಗಳವಾರ ರಾತ್ರಿ 7.30

ಮೊಟ್ಟೆ ಕೊಡಬೇಕೋ ಬೇಡವೋ ಅನ್ನುವ ವಿಷಯ ಯಾರೂ ಎತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ಅದು ಬೇರೆ ಕಡೆಯಷ್ಟು ಜಗಳದ ವಿಷಯ ಆಗಲೇ ಇಲ್ಲ, ತಿನ್ನುವವರೇ ಹೆಚ್ಚು. ತಿನ್ನದ ಮಗುವಿಗೆ ಬಾಳೆಹಣ್ಣು. ವಾರಕ್ಕೆ ಎರಡು ದಿನದ್ದು ಸರ್ಕಾರದ್ದು, ಉಳಿದ ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ದುಡ್ಡು, 2024ರ ಸೆಪ್ಟೆಂಬರ್‌ನಿಂದ. ಒಪ್ಪಂದ ಮೂರು ವರ್ಷದ್ದು. ಅದು ಮುಗಿದ ಮೇಲೆ ಆ ನಾಲ್ಕು ದಿನಕ್ಕೆ ಸರ್ಕಾರವೇ ಕೈ ಹಾಕಬೇಕು ಅಂತ ಈಗಿನಿಂದಲೇ ಕೇಳಬೇಕು.

ಕಾಳುಮೆಣಸು · ಮಂಗಳವಾರ ರಾತ್ರಿ 9.40

ಎಲ್ಲರದ್ದೂ ಓದಿದೆ. ಮೇಷ್ಟ್ರ ಲೆಕ್ಕ ಸರಿ, ತಲೆಲೆಕ್ಕ ಅನ್ನುವುದು ನನ್ನ ಗಮನಕ್ಕೆ ಬಂದಿರಲಿಲ್ಲ. ಒಂದು ಶಾಲೆಯೊಳಗೆ ಮಕ್ಕಳನ್ನು ಬೇರೆ ಮಾಡಬೇಕು ಅನ್ನುವ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಎಲ್ಲಾ ಖಾಸಗಿ ಶಾಲೆಗೂ, ಪಿಯುಸಿಗೂ, ಬೆಳಗಿನ ತಿಂಡಿಗೂ ಅಂತ ಬೆಳೆಸುತ್ತಾ ಹೋಗುವುದಕ್ಕೆ ನನ್ನ ಒಪ್ಪಿಗೆ ಇನ್ನೂ ಇಲ್ಲ. ಇರುವುದನ್ನು ಗಟ್ಟಿ ಮಾಡಿ ಆಮೇಲೆ ಮುಂದೆ ಹೋಗೋಣ. ಅಡುಗೆಯವರಿಗೆ ಹನ್ನೆರಡು ತಿಂಗಳೂ ಕೊಡಬೇಕು, ಅದಕ್ಕೆ ನನ್ನ ಪೂರ್ತಿ ಬೆಂಬಲ.

ತಿತಿಮತಿ ಹುಡುಗ · ಬುಧವಾರ ಬೆಳಿಗ್ಗೆ 7.05

ಮೊದಲ ಸಲ ಇಲ್ಲಿ ಬರೀತಾ ಇದ್ದೀನಿ. ನಾನು ಜೇನುಕುರುಬರವನು, ಹಾಡಿಯಲ್ಲೇ ಹುಟ್ಟಿ ಬೆಳೆದು ಡಿಗ್ರಿ ಮುಗಿಸಿದ್ದೀನಿ. ಈಗ ಹಾಡಿ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡ್ತೀನಿ.

ನೀವೆಲ್ಲ ಯಾವ ಮಗುವಿಗೆ ಅಂತ ಚರ್ಚೆ ಮಾಡ್ತಾ ಇದ್ದೀರಿ. ಯಾವ ದಿನ ಅಂತ ಯಾರೂ ಕೇಳ್ತಾ ಇಲ್ಲ.

ಇವತ್ತು ಮಳೆ ರಜೆ. ನಿನ್ನೆಯೂ ರಜೆ. ಹೋದ ವಾರ ಎರಡು ದಿನ. ಡಿಸಿ ಸಾಹೇಬರು ರಜೆ ಕೊಡೋದು ಮಕ್ಕಳ ಜೀವಕ್ಕಾಗಿ, ಅದು ಸರಿ. ತೋಡು (ಹಳ್ಳ) ತುಂಬಿ ಹರೀವಾಗ, ಮರ ಬೀಳುವಾಗ, ಆನೆ ದಾರಿಯಲ್ಲಿರುವಾಗ ಮಕ್ಕಳನ್ನ ಕಳಿಸೋಕಾಗಲ್ಲ. ಆದರೆ ಅದೇ ಮಳೆಗೆ ತೋಟದ ಕೆಲಸವೂ ನಿಲ್ಲುತ್ತೆ. ಕೆಲಸ ಇಲ್ಲ ಅಂದ್ರೆ ಕೂಲಿ ಇಲ್ಲ. ಕೂಲಿ ಇಲ್ಲದ ದಿನವೇ ಶಾಲೆಯ ಅನ್ನವೂ ಇಲ್ಲ. ಬೇಸಿಗೆ ರಜೆಯಲ್ಲಿ ಕೂಲಿ ಇರುತ್ತೆ, ಕಾಡಲ್ಲಿ ಹಣ್ಣು ಇರುತ್ತೆ, ಜೇನು ಇರುತ್ತೆ. ಕಕ್ಕಡದಲ್ಲಿ, ಈ ಜೋರು ಮಳೆಯ ತಿಂಗಳಲ್ಲಿ, ಏನಿರುತ್ತೆ? ಕಣಿಲೆ (ಎಳೆ ಬಿದಿರು) ಸಿಕ್ಕರೆ ಕಣಿಲೆ, ಸೊಪ್ಪು ಸಿಕ್ಕರೆ ಸೊಪ್ಪು.

ನಿನ್ನೆ ಮಧ್ಯಾಹ್ನ ಒಂದು ಗಂಟೆಗೆ ಪಕ್ಕದ ಮನೆಯ ಎರಡನೇ ಕ್ಲಾಸ್ ಹುಡುಗಿ ನಮ್ಮ ಜಗಲಿಗೆ ಬಂದು ಕೂತಳು. ಕೈಯಲ್ಲಿ ಶಾಲೆಯ ತಟ್ಟೆ, ಮಳೆಗೆ ಅದನ್ನೇ ತಲೆ ಮೇಲೆ ಹಿಡಿದುಕೊಂಡು ಬಂದಿದ್ದಳು. ಏನಮ್ಮಾ ಅಂದೆ. "ಗಂಟೆ ಹೊಡೀಲಿಲ್ಲ" ಅಂದಳು. ಅವ್ವ ಗಂಜಿ ಮಾಡಿದ್ರು, ಇಬ್ಬರೂ ಕೂತು ಕುಡಿದ್ವಿ.

ಎಲ್ಲಾ ಮಕ್ಕಳಿಗೂ ಊಟ ಅಂತೀರಲ್ಲ, ಈ ದಿನಗಳಿಗೂ ಸೇರಿಸಿ ಕೇಳಿ.

ಸಿದ್ದಾಪುರದ ಅಮ್ಮ · ಬುಧವಾರ ಬೆಳಿಗ್ಗೆ 7.40

ಓದಿ ಕೈ ಹಾಗೇ ನಿಂತುಬಿಟ್ಟಿತು. ನಮ್ಮ ಶಾಲೆಯ ಹತ್ತು ಮಕ್ಕಳೂ ಇವತ್ತು ಲೈನ್ ಮನೆಯಲ್ಲೇ ಇದ್ದಾರೆ. ರಜೆ ಅಂದ ಕೂಡಲೇ ನಾನು ಮಾಡಿದ್ದು ಮಗಳನ್ನು ಇನ್ನೊಂದು ಗಂಟೆ ಮಲಗಲು ಬಿಟ್ಟಿದ್ದು, ಅಷ್ಟೇ. ಮೇಷ್ಟ್ರೇ, ಇದಕ್ಕೆ ಕಾನೂನಿನಲ್ಲಿ ಏನಾದರೂ ದಾರಿ ಇದೆಯಾ?

ನಾಪೋಕ್ಲು ಮೇಷ್ಟ್ರು · ಬುಧವಾರ ಬೆಳಿಗ್ಗೆ 10.30

ಇದೆ, ಇಲ್ಲ, ಎರಡೂ. ಕಾಯ್ದೆಯಲ್ಲೇ 'ಶಾಲಾ ರಜೆ ಹೊರತುಪಡಿಸಿ' ಅಂತ ಬರೆದಿದೆ. 2015ರ ನಿಯಮದ ಪ್ರಕಾರ ಶಾಲೆ ನಡೆಯುವ ದಿನ ಊಟ ಕೊಡದಿದ್ದರೆ ಅಷ್ಟು ಅಕ್ಕಿಯನ್ನೂ ಅಡುಗೆ ವೆಚ್ಚವನ್ನೂ ಆಹಾರ ಭದ್ರತಾ ಭತ್ಯೆಯಾಗಿ ಮುಂದಿನ ತಿಂಗಳ 15ರೊಳಗೆ ಮಗುವಿಗೆ ಕೊಡಬೇಕು. ಆದರೆ ಮಳೆ ರಜೆ ಶಾಲಾ ದಿನವೇ ಅಲ್ಲ, ಹಾಗಾಗಿ ಭತ್ಯೆಯೂ ಇಲ್ಲ.

ಆದರೆ ಇದನ್ನು ಗಮನಿಸಿ. 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಬರಪೀಡಿತ ಪ್ರದೇಶದಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಿ ಅಂತ ಹೇಳಿತು. ನಮ್ಮ ರಾಜ್ಯದಲ್ಲೇ 2024ರ ಬೇಸಿಗೆ ರಜೆಯಲ್ಲಿ ಬರ ಘೋಷಿಸಿದ ತಾಲ್ಲೂಕುಗಳಲ್ಲಿ ಕೊಟ್ಟಿದ್ದಾರೆ. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಅಕ್ಕಿ ಬೇಳೆಯನ್ನು ಮನೆಗೇ ಕೊಟ್ಟರು, ನಾನೇ ತೂಕ ಹಾಕಿ ಕೊಟ್ಟಿದ್ದೇನೆ. ರಜೆಯಲ್ಲೂ ಮಗುವಿಗೆ ಹಸಿವಾಗುತ್ತದೆ ಅನ್ನುವುದನ್ನು ಸರ್ಕಾರ ಎರಡು ಸಲ ಒಪ್ಪಿದೆ. ಬರಗಾಲದ ರಜೆಗೆ ಅನ್ನ ಇದೆ, ಕೊರೊನಾ ರಜೆಗೆ ಅಕ್ಕಿ ಇತ್ತು. ಕೊಡಗಿನ ಮಳೆ ರಜೆಗೆ ಮಾತ್ರ ಏನೂ ಇಲ್ಲ. ನಮ್ಮ ಜಿಲ್ಲೆಯ ಕಷ್ಟ ನೀರಿನ ರೂಪದಲ್ಲಿ ಬರುತ್ತದೆ, 2018ರ ಆಗಸ್ಟ್‌ನ ಪ್ರವಾಹ, ಭೂಕುಸಿತ ನೋಡಿದ ಮೇಲೂ ಅದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಹೇರೂರು · ಬುಧವಾರ ಬೆಳಿಗ್ಗೆ 11.10

ಒಂದು ತೊಡಕಿದೆ. ಮಳೆ ರಜೆಯ ಪಾಠವನ್ನ ಆಮೇಲೆ ಶನಿವಾರ ಮಧ್ಯಾಹ್ನ, ಭಾನುವಾರ ತರಗತಿ ಮಾಡಿ ಸರಿದೂಗಿಸ್ತಾರೆ. ಆ ದಿನ ಊಟ ಇರುತ್ತೆ. ಎರಡು ಸಲ ಯಾಕೆ ಕೊಡಬೇಕು ಅಂತ ಕಚೇರಿಯಲ್ಲಿ ಕೇಳೇ ಕೇಳ್ತಾರೆ.

ತಿತಿಮತಿ ಹುಡುಗ · ಬುಧವಾರ ಬೆಳಿಗ್ಗೆ 11.25

ಪಾಠವನ್ನ ಅಕ್ಟೋಬರಲ್ಲಿ ಸರಿದೂಗಿಸಬಹುದು ಅಕ್ಕ. ನಿನ್ನೆ ಮಧ್ಯಾಹ್ನದ ಹಸಿವನ್ನ ಅಕ್ಟೋಬರಲ್ಲಿ ಹೇಗೆ ಸರಿದೂಗಿಸೋದು?

ಕಾಳುಮೆಣಸು · ಬುಧವಾರ ಮಧ್ಯಾಹ್ನ 12.50

ಇದು ನನಗೆ ಪೂರ್ತಿ ಒಪ್ಪಿಗೆ. ನಾನು ಕೂಲಿ ಕೊಡುವವನು, ಮಳೆ ದಿನ ನನ್ನ ತೋಟದಲ್ಲೂ ಕೆಲಸ ನಿಲ್ಲುತ್ತದೆ. ಆ ದಿನ ಲೈನ್ ಮನೆಯಲ್ಲಿ ಏನು ಬೇಯುತ್ತದೆ ಅಂತ ನಾನು ಹೋಗಿ ನೋಡಿದವನಲ್ಲ.

ಮಾಡುವುದು ಹೇಗೆ ಅನ್ನುವುದನ್ನು ಯೋಚಿಸೋಣ. ರಜೆಯ ಘೋಷಣೆ ಬರುವುದು ಹಿಂದಿನ ರಾತ್ರಿ, ಕೆಲವು ಸಲ ಬೆಳಿಗ್ಗೆಯೇ. ಆ ಹೊತ್ತಿಗೆ ಅಡುಗೆ ಮಾಡಿಸಿ ಹಂಚುವುದು ಆಗದ ಮಾತು, ಅಡುಗೆಯವರೂ ಅದೇ ದಾರಿಯಲ್ಲಿ ನಡೆದು ಬರಬೇಕು. ಅದರ ಬದಲು ಜೂನ್ ಕೊನೆಯಲ್ಲೇ ಪ್ರತಿ ಮಗುವಿಗೆ ಹತ್ತು ದಿನದ ಅಕ್ಕಿ, ಬೇಳೆ, ಎಣ್ಣೆ ಮುಂಗಡ ಕೊಡಲಿ. ಅಕ್ಕಿ ಮಗುವಿಗೆ ಒಂದು ಕೆ.ಜಿ. ಆಗುತ್ತದೆ. ರಜೆ ಕಡಿಮೆಯಾದರೆ ಮುಂದಿನ ತಿಂಗಳಿಗೆ ಹೊಂದಿಸಿಕೊಳ್ಳಲಿ.

ಅಡುಗೆಯವರ ಮಗಳು · ಬುಧವಾರ ಮಧ್ಯಾಹ್ನ 2.15

ಅಮ್ಮ ಹೇಳ್ತಾರೆ, ಅಕ್ಕಿ ಮನೆಗೆ ಕೊಟ್ಟರೆ ಮೇಷ್ಟ್ರು ಮೊದಲು ಹೇಳಿದ ಹಾಗೇ ಆಗುತ್ತೆ, ಇಡೀ ಮನೆ ಉಣ್ಣುತ್ತೆ. ಆದ್ರೂ ಕೊಡಲಿ, ಏನೂ ಇಲ್ಲದ್ದಕ್ಕಿಂತ ಮೇಲು. ಹಾಡಿಗೆ, ಲೈನ್ ಮನೆಗೆ ಹತ್ತಿರ ಅಂಗನವಾಡಿ ಇದ್ದರೆ ಅಲ್ಲೇ ಬೇಯಿಸೋದು ಇನ್ನೂ ಒಳ್ಳೇದು, ಮಕ್ಕಳು ತೋಡು ದಾಟಬೇಕಾಗಿಲ್ಲ. ಆ ದಿನದ ಕೆಲಸಕ್ಕೆ ಕೂಲಿ ಕೊಟ್ಟರೆ ಅಮ್ಮ ಛತ್ರಿ ಹಿಡಿದು ಹೋಗಿ ಬೇಯಿಸ್ತಾರಂತೆ.

ಸಿದ್ದಾಪುರದ ಅಮ್ಮ · ಬುಧವಾರ ರಾತ್ರಿ 8.50

ನಾಳೆಯೂ ರಜೆ ಅಂತ ಈಗಷ್ಟೇ ಬಂತು.

ಇವತ್ತು ಮಳೆ ಸ್ವಲ್ಪ ಬಿಟ್ಟಾಗ ಅಡುಗೆಯಕ್ಕನ ಮನೆಗೆ ಹೋಗಿದ್ದೆ. ನಾಳೆ ನಮ್ಮ ಮನೆಯ ಒಲೆಯಲ್ಲಿ ಅನ್ನ, ಬೇಳೆ ಸಾರು ಮಾಡಿ ಹನ್ನೆರಡೂವರೆಗೆ ಲೈನ್ ಮನೆಗೆ ಮುಟ್ಟಿಸುವುದು ಅಂತ ಮಾತಾಯಿತು. ರೈಟರ್ ಜೀಪು ಕೊಡುತ್ತೇನೆ ಅಂದಿದ್ದಾರೆ. ಸಭೆಯಲ್ಲಿ ಡಬ್ಬಿಯ ಮಾತು ಎತ್ತಿದವರಿಗೂ ಫೋನ್ ಮಾಡಿದೆ. ಎರಡು ಟ್ರೇ ಮೊಟ್ಟೆ ಕಳಿಸಿದರು. ಇದು ಒಂದು ದಿನದ್ದು, ನಾವು ಹೀಗೆ ದಿನಾ ಮಾಡಲಾರೆವು ಅಂತ ಗೊತ್ತು. ಅದಕ್ಕೇ ಮನವಿ.

ಮನವಿ ಜಿಲ್ಲಾ ಪಂಚಾಯತ್‌ನ ಅಕ್ಷರ ದಾಸೋಹ ಶಿಕ್ಷಣಾಧಿಕಾರಿಯವರಿಗೆ, ಅದರ ಒಂದು ಪ್ರತಿ ಜಿಲ್ಲಾಧಿಕಾರಿಗಳಿಗೆ. ಕೇಳುವುದು ಮೂರು. ಮಳೆ ರಜೆಯ ದಿನಗಳಿಗೆ ಬರಗಾಲದ ರಜೆಯಂತೆಯೇ ಊಟ, ಆಗದಿದ್ದರೆ ಮುಂಗಡ ಅಕ್ಕಿ ಬೇಳೆ. ಆ ದಿನ ದುಡಿದ ಅಡುಗೆಯವರಿಗೆ ಕೂಲಿ. ಶಾಲೆಯ ಯಾವ ಮಗುವನ್ನೂ ಊಟದಿಂದ ಬೇರೆ ಮಾಡುವ ನಿರ್ಣಯ ಯಾವ ಎಸ್‌ಡಿಎಂಸಿಯೂ ಮಾಡಬಾರದು ಅಂತ ಸುತ್ತೋಲೆ. ಮೇಷ್ಟ್ರು ಆದೇಶಗಳ ದಿನಾಂಕ ಸೇರಿಸಿ ಕರಡು ನೋಡಿಕೊಡಬೇಕು. ತಿತಿಮತಿಯ ತಮ್ಮ, ನಿಮ್ಮ ಹಾಡಿಯವರ ಸಹಿ ಮೊದಲು ಬರಲಿ. ಕುಶಾಲನಗರದ ಅಣ್ಣ, ನಿಮ್ಮ ಟೀಚರ್ ಬೇಡಿಕೆಗೆ ಬೇರೆಯೇ ಮನವಿ ಹಾಕೋಣ, ಒಂದರಲ್ಲಿ ಎಲ್ಲಾ ಸೇರಿಸಿದರೆ ಯಾವುದೂ ಆಗುವುದಿಲ್ಲ.

ಇನ್ನೊಂದು ಸಹಾಯ ಬೇಕು. ನಮ್ಮ ಲೈನ್ ಮನೆಯ ಮೂವರು ಅಸ್ಸಾಂ ತಾಯಂದಿರಿಗೆ ಕನ್ನಡ ಮಾತು ಅಲ್ಪಸ್ವಲ್ಪ ಬರುತ್ತೆ, ಓದಲು ಬರುವುದಿಲ್ಲ. ಏನು ಅಂತ ತಿಳಿಯದ ಕಾಗದಕ್ಕೆ ಅವರ ಹೆಬ್ಬೆಟ್ಟು ಹಾಕಿಸುವುದು ನನಗೆ ಇಷ್ಟವಿಲ್ಲ. ಅವರ ಭಾಷೆಯಲ್ಲಿ ಓದಿ ಹೇಳಬಲ್ಲವರು ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ ಸುತ್ತ ಯಾರಾದರೂ ಇದ್ದರೆ ದಯವಿಟ್ಟು ಇಲ್ಲಿ ತಿಳಿಸಿ. ಶನಿವಾರದವರೆಗೆ ಕಾಯುತ್ತೇನೆ.

ಪಾಲಿಬೆಟ್ಟ · ಬುಧವಾರ ರಾತ್ರಿ 9.25

ನಮ್ಮ ತೋಟದಲ್ಲಿ ಒಬ್ಬ ಹುಡುಗ ಇದ್ದಾನೆ ಅಕ್ಕ, ಅಸ್ಸಾಂನವನೇ, ಕನ್ನಡ ಚೆನ್ನಾಗಿ ಮಾತಾಡ್ತಾನೆ. ಶುಕ್ರವಾರ ಬರುವಾಗ ಕರ್ಕೊಂಡು ಬರ್ತೀನಿ.